ಹನ್ನೆರಡು ಲೀಟರ್ ಸಮುದ್ರ

ಜುಲೈ 15, 2024, ಸೋಮವಾರ. ಬೆಳಿಗ್ಗೆ 9.50

ಉಪ್ಪಿನ ಮಾಪಕದಲ್ಲಿ 1.026, ಇರಬೇಕಾದದ್ದು 1.025. ಏರಿದೆ. ಭಾನುವಾರ ಒಂದು ದಿನ ಆಫೀಸಿಗೆ ಬರದಿದ್ದರೆ ಹೀಗೆ. ಆವಿಯಾಗುವುದು ನೀರು ಮಾತ್ರ, ಉಪ್ಪು ಕೂತಲ್ಲೇ ಕೂತಿರುತ್ತದೆ, ನಮ್ಮ ಸೆಕ್ರೆಟರಿಯ ಹಾಗೆ. ಒಂದೂವರೆ ಲೋಟ ಸಿಹಿನೀರು ಹಾಕಿದೆ. ನಲ್ಲಿಯದಲ್ಲ, ಶುದ್ಧ ನೀರಿನ ಘಟಕದ್ದು. ಬಿಸಿ 25 ಡಿಗ್ರಿ. ಪಂಪು ಓಡುತ್ತಿದೆ. ಗಾಜಿನ ಪೆಟ್ಟಿಗೆಯ ಒಳಗೆ ಇನ್ನೂ ಜೀವ ಇಲ್ಲ. ಮರಳು, ಎರಡು ಕಲ್ಲು, ಹನ್ನೆರಡು ಲೀಟರ್ ಉಪ್ಪುನೀರು. ಅಷ್ಟೇ.

ಸೆಕ್ರೆಟರಿ ಮಹೇಶ್ವರಪ್ಪ ಟೇಬಲ್ ಮುಂದೆ ನಿಂತು ಕನ್ನಡಕ ಏರಿಸಿದರು.

"ಏನ್ರೀ ಸುನಿತಾ, ತಿಂಗ್ಳಾತು. ಒಂದು ಮೀನಿಲ್ಲ, ಮರಿ ಇಲ್ಲ. ಬರೇ ನೀರಿಗೆ ಲೈಟ್ ಹಾಕ್ಕೊಂಡು ಕುಂತೀರಲ್ರೀ!"

"ನೀರು ಹಣ್ಣಾಗ್ಬೇಕು ಸಾರ್. ಇಲ್ಲಾಂದ್ರೆ ಹಾಕಿದ್ದೆಲ್ಲ ಸಾಯ್ತವೆ."

"ನೀರು ಹಣ್ಣಾಗೋದಾ!" ಪಕ್ಕದ ಕೋಣೆಗೂ ಕೇಳುವಂತೆ ನಕ್ಕರು.

ನಗಲಿ. ಬೇಡ ಎನ್ನಲಿಲ್ಲವಲ್ಲ, ಅದೇ ದೊಡ್ಡದು. ನನ್ನ ಬಾಡಿಗೆ ರೂಮಿನಲ್ಲಿ ಕರೆಂಟು ಹೋದರೆ ಹೋಯಿತು. ಪಂಪು ನಿಂತರೆ ಆ ನೀರಿನಲ್ಲಿ ಉಸಿರಿರುವುದಿಲ್ಲ. ಈ ರೈತರ ಸೊಸೈಟಿಯ ಆಫೀಸಿನಲ್ಲಿ ಇನ್ವರ್ಟರ್ ಇದೆ. ಅದಕ್ಕೇ ಸಮುದ್ರ ಇಲ್ಲಿ, ಗೊಬ್ಬರದ ರಿಜಿಸ್ಟರಿನ ಪಕ್ಕ.

ಜುಲೈ 21, ಭಾನುವಾರ

ಹೊನ್ನಾವರಕ್ಕೆ ಫೋನ್. ಸಂಜೆ ನಾಲ್ಕಕ್ಕೆ, ಕೋರ್ಟಿನ ಕಾಗದದಲ್ಲಿ ಬರೆದಿರುವಂತೆ. ಸುರೇಂದ್ರ ಎತ್ತಿ "ತಡಿ" ಎಂದು ಮಗಳಿಗೆ ಕೊಟ್ಟ. ಬೇರೆಯಾಗಿ ಮೂರು ವರ್ಷ. ಈಗ ಜಗಳವಿಲ್ಲ. ಮಾತಿದ್ದರೆ ತಾನೇ ಜಗಳ.

ಸ್ಪಂದನಳಿಗೆ ಹನ್ನೊಂದು. ಶಾಲೆ ಅಪ್ಪನ ಊರಲ್ಲಿ, ರಜೆ ನನ್ನ ಜೊತೆ. ಕಾಗದದಲ್ಲಿರುವುದು ಹಾಗೆ. ಸೊರಬದ ಬಸ್‌ಸ್ಟ್ಯಾಂಡಿನಲ್ಲಿ ಅವನು ಇಳಿಸಬೇಕು, ನಾನು ಕರೆದುಕೊಂಡು ಬರಬೇಕು. ಹೋದ ದಸರಾಕ್ಕೆ ಬರಲಿಲ್ಲ. ಈ ಮೇ ತಿಂಗಳೂ ಬರಲಿಲ್ಲ. ಸೊರಬದಲ್ಲಿ ಒಂದೂವರೆ ತಾಸು ನಿಂತ ಮೇಲೆ ಫೋನ್ ಬಂತು. "ಅಮ್ಮಾ, ಅಲ್ಲಿ ಎಂತ ಇದೆ? ಇಲ್ಲಾದ್ರೆ ಸಮುದ್ರ ಇದೆ."

ಸಿಟ್ಟಿಗೆ ಹೇಳಿದ್ದಲ್ಲ. ಇದ್ದದ್ದು ಹೇಳಿದಳು. ಅದಕ್ಕೇ ಉರಿಯಿತು. "ಇಲ್ಲೂ ಇದೆ. ನನ್ನ ಟೇಬಲ್ ಮೇಲೇ ಇದೆ" ಎಂದುಬಿಟ್ಟೆ. ಹಸಿ ಸುಳ್ಳು. ಆ ಸುಳ್ಳನ್ನು ನಿಜ ಮಾಡುವುದಕ್ಕೆ ಈ ಗಾಜಿನ ಪೆಟ್ಟಿಗೆ.

ಈ ದಸರಾಕ್ಕೂ ಅವಳು ಬರದಿದ್ದರೆ ಸುರೇಂದ್ರ ಕಾಗದ ಬದಲಿಸಲು ಅರ್ಜಿ ಹಾಕುತ್ತಾನಂತೆ. ರಜೆಯೂ ಅಲ್ಲೇ. ವಕೀಲರಿಂದ ಹೇಳಿಸಿದ್ದಾನೆ. ಇಷ್ಟವಿಲ್ಲದ ಮಗುವನ್ನು ಎಳೆದಾಡಬಾರದಂತೆ. ಸರಿಯೇ ಇರಬಹುದು. ಆದರೆ ನನಗೆ ಇರುವವಳು ಒಬ್ಬಳು.

ಆಗಸ್ಟ್ 9, ಶುಕ್ರವಾರ. ಮಧ್ಯಾಹ್ನ 3.40

ಬಂತು! ಮಂಗಳೂರಿನಿಂದ ಬಸ್ಸಿನಲ್ಲಿ ಶಿವಮೊಗ್ಗಕ್ಕೆ, ಅಲ್ಲಿಂದ ಇನ್ನೊಂದು ಬಸ್ಸಿನಲ್ಲಿ ಇಲ್ಲಿಗೆ. ಥರ್ಮಾಕೋಲ್ ಡಬ್ಬಿ, ಒಳಗೆ ಪ್ಲಾಸ್ಟಿಕ್ ಚೀಲ, ಅದರೊಳಗೆ ಹೆಬ್ಬೆರಳಷ್ಟು ಕಲ್ಲು. ಕಲ್ಲಿನ ಮೇಲೆ ಒಂಬತ್ತು ಗುಂಡಿ ಹವಳ. ಅಂಗಿಯ ಗುಂಡಿಯಷ್ಟೇ ಗಾತ್ರ. ಚೀಲವನ್ನು ಹಾಗೇ ನೀರಿನಲ್ಲಿ ತೇಲಿಸಿ, ಅರ್ಧ ತಾಸು ಬಿಟ್ಟು, ಕಲ್ಲನ್ನು ಮೆಲ್ಲಗೆ ಇಳಿಸಿದೆ. ಎಲ್ಲ ಮುದುಡಿಕೊಂಡಿದ್ದವು.

ಆಫೀಸಿನ ಕಸ ಗುಡಿಸುವ ಹೂವಮ್ಮ ಬಗ್ಗಿ ನೋಡಿದಳು. "ಇದೇನ್ರವ್ವಾ, ಒಣಗಿದ ಅಣಬಿ ಇದ್ದಂಗೈತಿ."

ಇಪ್ಪತ್ತು ನಿಮಿಷಕ್ಕೆ ಒಂದು ಬಿಚ್ಚಿತು. ನಡುವೆ ಹಸಿರು, ಅಂಚಿಗೆ ಕಿತ್ತಳೆ. ಹೂವಮ್ಮ ಕಸಬರಿಗೆ ಕೆಳಗಿಟ್ಟಳು. "ಯವ್ವಾ, ಕಣ್ಣು ಬಿಡ್ತು!"

ಬಾತ್‌ರೂಮಿಗೆ ಹೋಗಿ ಅತ್ತು ಬಂದೆ. ನನಗೆ ಮೂವತ್ತೊಂಬತ್ತು ವರ್ಷ.

ಆಗಸ್ಟ್ 25, ಭಾನುವಾರ

ನಿನ್ನೆ ಉಪ್ಪು 1.025. ಇವತ್ತು ಮಗಳ ಜೊತೆ ಇಪ್ಪತ್ತೆರಡು ನಿಮಿಷ! ಮೊದಲೆಲ್ಲ ನಾಲ್ಕು ನಿಮಿಷಕ್ಕೆ "ಇಡ್ಲಾ?" ಎನ್ನುತ್ತಿದ್ದಳು. ಹೊಸ ಸಿಗಡಿಯ ಫೋಟೋ ಕಳಿಸಿದ್ದೆ. ಕೆಂಪು ಬೆನ್ನು, ಬಿಳಿ ಪಟ್ಟೆ, ಮೈಗಿಂತ ಉದ್ದದ ಬಿಳಿ ಮೀಸೆ. ಅದಕ್ಕೆ 'ಮೀಸೆ ಮಾಮ' ಎಂದು ಹೆಸರಿಟ್ಟಳು. ಏನು ತಿನ್ನುತ್ತಾನೆ, ನಿದ್ದೆ ಮಾಡುತ್ತಾನಾ, ಒಬ್ಬನೇ ಇದ್ದರೆ ಬೇಜಾರಿಲ್ಲವಾ...

ನಡುವೆ ಶಾಲೆಯದೇನೋ ಶುರು ಮಾಡಿದ್ದಳು, ಯಾರೋ ಪಕ್ಕದಲ್ಲಿ ಕೂರುವುದಿಲ್ಲವಂತೆ. ಅಷ್ಟರಲ್ಲಿ ಮೀಸೆ ಮಾಮ ನನ್ನ ಬೆರಳ ಮೇಲೆ ಹತ್ತಿದ ವಿಡಿಯೋ ನೆನಪಾಯಿತು. ಕಳಿಸಿದೆ. ಮಾತು ಆ ಕಡೆ ಹೋಯಿತು. ಮುಂದಿನ ವಾರ ಏನು ತೋರಿಸಲಿ? ಪ್ರತಿ ವಾರ ಹೊಸದೊಂದು ಬೇಕು.

ಸೆಪ್ಟೆಂಬರ್ 12, ಗುರುವಾರ

ಲೈನ್ ರಿಪೇರಿ. ಹತ್ತರಿಂದ ಮೂರರವರೆಗೆ ಕರೆಂಟಿಲ್ಲ. ಇನ್ವರ್ಟರ್ ಕುಂಯ್ ಕುಂಯ್ ಎನ್ನತೊಡಗಿತು. ಬ್ಯಾಟರಿ ಮುಗಿದರೆ ಪಂಪು ನಿಲ್ಲುತ್ತದೆ. ಬಾಯಿ ಬಿಟ್ಟು ಕೇಳಲಿಲ್ಲ, ಆದರೆ ಮಹೇಶ್ವರಪ್ಪನವರೇ ಎದ್ದು ಎಲ್ಲರ ಫ್ಯಾನೂ ಆರಿಸಿದರು. ತಮ್ಮದನ್ನೂ.

"ನಿಮ್ಮ ಸಿಗಡಿ ಸಲುವಾಗಿ ನಾವು ಬೆವರ್ಬೇಕು ನೋಡ್ರೀ," ಎಂದು ರಿಜಿಸ್ಟರಿನಿಂದ ಗಾಳಿ ಬೀಸಿಕೊಂಡರು. "ಮಗಳು ಬರ್ತಾಳೇನು ಇದನ್ನ ನೋಡಾಕ?"

"ಬಂದ್ರೂ ಇದನ್ನ ನೋಡಿ ಹೋಗ್ತಾಳೆ ಸಾರ್. ನನ್ನ ನೋಡೋಕಲ್ಲ."

"ಊರಿಗೆ ಬಂದೋಳು ನೀರಿಗೆ ಬರದೆ ಇರ್ತಾಳೇನ್ರೀ? ಬರ್ಲಿ ಮೊದ್ಲು."

ಈ ಮನುಷ್ಯನ ಬಗ್ಗೆ ಇಲ್ಲಿ ಬರೆದದ್ದರಲ್ಲಿ ಅರ್ಧ ಹೊಡೆದು ಹಾಕಬೇಕು.

ಸೆಪ್ಟೆಂಬರ್ 29, ಭಾನುವಾರ

ಬರುತ್ತಾಳೆ. ಬರುತ್ತಾಳೆ. ಅಕ್ಟೋಬರ್ 15, ಮಂಗಳವಾರ. ಸೊರಬ, ಹನ್ನೊಂದೂವರೆ. ನಾಲ್ಕು ದಿನ. ಅವಳೇ ಕೇಳಿದ್ದು: "ಅಮ್ಮಾ, ಮೀಸೆ ಮಾಮನ್ನ ಮುಟ್ಟೂಕೆ ಬಿಡ್ತ್ಯಾ?" ಸುರೇಂದ್ರ ಫೋನ್ ಇಸಕೊಂಡು "ಬರ್ತಾಳಂತೆ" ಎಂದ. ಎರಡು ವರ್ಷದಲ್ಲಿ ಅವನಿಂದ ಬಂದ ಹೊಸ ಮಾತು.

ನಿನ್ನೆ ನೋಡಿದಾಗ ಹವಳ ಹನ್ನೊಂದು. ಉಪ್ಪು 1.025. ಮೀಸೆ ಮಾಮ ಪೊರೆ ಕಳಚಿದ್ದಾನೆ. ಇನ್ನು ಹದಿನಾರು ದಿನ ಇವು ಬದುಕಿದ್ದರೆ ಸಾಕು. ದೇವರೇ, ಅಷ್ಟೇ ಸಾಕು.

ಅಕ್ಟೋಬರ್ 10, ಗುರುವಾರ. ಮಧ್ಯಾಹ್ನ 2.30

ನಾಲ್ಕಕ್ಕೆ ಆಫೀಸಿನ ಆಯುಧಪೂಜೆ. ನಾಳೆಯಿಂದ ಮೂರು ದಿನ ರಜೆ. ನಾನು ಮೂರಕ್ಕೇ ಹೊರಡುತ್ತೇನೆ. ಹೊಸಬಾಳೆಯಲ್ಲಿ ಅವ್ವ ಕಾಯುತ್ತಿದ್ದಾಳೆ, ಮೊಮ್ಮಗಳಿಗೆ ಉಂಡೆ ಕಟ್ಟಬೇಕಂತೆ.

ಎಲ್ಲ ನೋಡಿಯಾಯಿತು. ಉಪ್ಪು 1.024. ಮೂರು ದಿನದ ಆವಿಗೆ ಲೆಕ್ಕ ಹಾಕಿ ನೀರು ಹೆಚ್ಚು ಹಾಕಿದ್ದೇನೆ. ಮೇಲೆ ಗಾಜು ಮುಚ್ಚಿದೆ. ಪ್ಲಗ್ಗಿಗೆ ಕೆಂಪು ಟೇಪು, 'ಮುಟ್ಟಬೇಡಿ'. ಹೂವಮ್ಮನಿಗೆ ಹತ್ತು ಸಲ ಹೇಳಿದೆ: ಕುಂಕುಮ ಗಾಜಿನ ಹೊರಗೆ, ನೀರಿಗೆ ಒಂದು ಚಿಟಿಕೆಯೂ ಬೀಳಬಾರದು, ಈ ಸ್ವಿಚ್ಚನ್ನು ಯಾರೂ ಮುಟ್ಟಬಾರದು.

"ನನ್ನ ತಲಿ ಮ್ಯಾಲೆ ಹಾಕಿ ಹೋಗ್ರವ್ವಾ. ಇಲ್ಲೇ ಕಾಯ್ಕೊಂಡು ನಿಂದಿರ್ತೀನಿ."

ಮೇನ್ ಬೋರ್ಡಿನ ಚೆಂಡುಹೂವನ್ನೂ ಅವಳ ಕೈಗೇ ಕೊಟ್ಟೆ. ಪ್ರತಿ ವರ್ಷ ಅದನ್ನು ಸಿಕ್ಕಿಸುವುದು ನಾನು. ಈ ಸಲ ನೀನೇ ಸಿಕ್ಕಿಸು ಎಂದೆ.

ಅಕ್ಟೋಬರ್ 12, ಶನಿವಾರ. ಹೊಸಬಾಳೆ

ಬನ್ನಿ ಕೊಟ್ಟು ಬನ್ನಿ ತಗೊಂಡು ಕೈ ನೋಯುತ್ತಿದೆ. ಅವ್ವ ಮೂರು ಡಬ್ಬ ಉಂಡೆ ಕಟ್ಟಿದಳು. ಇವಳಿಗೆ ಮೂಕಮ್ಮ ಎಂದು ಹೆಸರಿಟ್ಟವರನ್ನು ಹುಡುಕಿಕೊಂಡು ಹೋಗಿ ಕೇಳಬೇಕು, ಬಾಯಿಗೆ ಬಿಡುವೇ ಇಲ್ಲ.

"ಸಿಗ್ಡಿ ಹವಳ ಅಂತ ಕುಣೀತೀಯಲ್ಲೇ, ಆ ಕೂಸಿಗೆ ಏನ್ ಸೇರ್ತದೆ ಅಂತ ಕೇಳಿದೀಯಾ? ಉಂಡೆ ತಿಂತಾಳಾ, ಚಕ್ಲಿ ತಿಂತಾಳಾ?"

"ಉಂಡೆ ತಿಂತಾಳೆ ಬಿಡವ್ವಾ."

"ಅದು ಎಂಟು ವರ್ಷದಾಗ ತಿಂತಿತ್ತು. ಈಗ?"

ಗೊತ್ತಿಲ್ಲ. ಮಂಗಳವಾರ ಬಂದಾಗ ಕೇಳಿದರಾಯಿತು. ತುಂಬ ದಿನದ ಮೇಲೆ ಸುಖವಾಗಿದ್ದೇನೆ. ಬರೆಯಲೂ ಹೆದರಿಕೆ.

ಅಕ್ಟೋಬರ್ 14, ಸೋಮವಾರ. ಬೆಳಿಗ್ಗೆ 10.15

ಬಾಗಿಲು ತೆಗೆದಾಗಲೇ ವಾಸನೆ. ಕೊಳೆತ ಮೀನಿನದು.

ಲೈಟಿಲ್ಲ. ಪಂಪಿಲ್ಲ. ನೀರು ಹಾಲು ಕಲಸಿದಂತಿದೆ. ಮೀಸೆ ಮಾಮ ಮರಳಿನ ಮೇಲೆ ಅಡ್ಡ ಬಿದ್ದಿದ್ದಾನೆ, ಬೆಳ್ಳಗೆ. ಹವಳದ ಮೇಲೆ ಲೋಳೆ. ಹನ್ನೊಂದೂ.

ಕೆಂಪು ಟೇಪು ಹಾಗೇ ಇದೆ. ಸ್ವಿಚ್ಚು ಆನ್ ಇದೆ.

"ನೋಡ್ರವ್ವಾ, ಸ್ವಿಚ್ ಹಂಗೇ ಐತಿ," ಹೂವಮ್ಮ ಅಳುತ್ತಿದ್ದಳು. "ಯಾರ್ನೂ ಮುಟ್ಟಾಕ ಬಿಟ್ಟಿಲ್ಲ. ಕುಂಕುಮ ಹೊರಗೇ ಹಚ್ಚೀನಿ. ಆಣೆ ಮಾಡಿ ಹೇಳ್ತೀನಿ."

ನಿಜ. ಗಾಜಿನ ಹೊರಗೆ ಪುಟ್ಟ ಬೊಟ್ಟು, ಅಚ್ಚುಕಟ್ಟಾಗಿ. ಅವಳ ಹಿಂದೆ ಗೋಡೆಯ ಮೇಲೆ ಮೇನ್ ಬೋರ್ಡು. ಹಿಡಿ ಕೆಳಗಿದೆ. ಹಿಡಿಗೆ ಬಾಡಿದ ಚೆಂಡುಹೂವು.

ಮಹೇಶ್ವರಪ್ಪ ಬಂದರು. ಟ್ಯಾಂಕು ನೋಡಿದರು, ಬೋರ್ಡು ನೋಡಿದರು. ಮುಖ ಕಪ್ಪಿಟ್ಟಿತು. "ಮಂಗಳಾರತಿ ಆದಮೇಲೆ ಮೇನ್ ಇಳಿಸಿದ್ನಲ್ರೀ... ಆಯುಧಕ್ಕೆಲ್ಲ ವಿಶ್ರಾಂತಿ ಅಂತ... ವರ್ಷಾ ಇಳಿಸ್ದಂಗೆ. ಇನ್ವರ್ಟರ್ ಕೂಗಾಕ ಹತ್ತಿತ್ತು, ಅದನ್ನೂ..." ಹೋಗಿ ಹಿಡಿ ಮೇಲಕ್ಕೆತ್ತಿದರು.

ಯಾರನ್ನು ಬೈಯಲಿ? ಹನ್ನೊಂದು ವರ್ಷ ಈ ಆಫೀಸಿನಲ್ಲಿದ್ದೇನೆ. ಹನ್ನೊಂದು ಸಲ ಅವರು ಆ ಹಿಡಿ ಇಳಿಸುವಾಗ ಆರತಿ ತಟ್ಟೆ ಹಿಡಿದು ಪಕ್ಕದಲ್ಲಿ ನಿಂತವಳು ನಾನು. ಇಳಿಸಿದ ಮೇಲೆ ಹೂವು ಸಿಕ್ಕಿಸಿದವಳೂ ನಾನು. ಈ ಸಲ ಹೂವನ್ನು ಕೈಯಾರೆ ಕೊಟ್ಟು ಹೋಗಿದ್ದೇನೆ. ಟೇಪು ಹಚ್ಚುವಾಗ, ನೀರಿನ ಲೆಕ್ಕ ಹಾಕುವಾಗ, ಒಂದು ಕ್ಷಣವೂ ಹೊಳೆಯಲಿಲ್ಲ. ಅದು ಪೂಜೆ ಎಂದು ಗೊತ್ತಿತ್ತು. ಅದು ಕರೆಂಟು ಎಂದು ತಲೆಗೆ ಹೋಗಲಿಲ್ಲ.

ಮಧ್ಯಾಹ್ನ 1.00

ಅರ್ಧ ನೀರು ಬದಲಿಸಿದೆ. ಉಪ್ಪಿನ ಪಾಕೀಟು ತಳ ಕಂಡಿತು. ಮಂಗಳೂರಿನವನಿಗೆ ಫೋನ್: ಇವತ್ತೇ ಒಂದು ಸಿಗಡಿ ಕಳಿಸಿ, ಕಾಲು ಹಿಡಿಯುತ್ತೇನೆ ಎಂದೆ. "ಬುಧವಾರ ಸ್ಟಾಕ್ ಬರ್ತದೆ ಮೇಡಂ." ಬುಧವಾರ ಯಾವ ಸುಖಕ್ಕೆ?

ಸಂಜೆ 5.20

ಹವಳವನ್ನು ಹಲ್ಲುಜ್ಜುವ ಬ್ರಷ್ಷಿನಿಂದ ಮೆಲ್ಲಗೆ ತೊಳೆದೆ. ಕೈಗೇ ಬಂತು. ಸಾಕು, ಬಿಡ್ರೀ ಎಂದರು ಮಹೇಶ್ವರಪ್ಪ. ಬಿಡಲಿಲ್ಲ. ಎಲ್ಲರೂ ಹೋದರು. ಹೂವಮ್ಮ ಮಾತ್ರ ಮೂಲೆಯಲ್ಲಿ ಕೂತಿದ್ದಾಳೆ, ತಾನೇ ಕೊಂದವಳ ಹಾಗೆ. ಮಗಳಿಗೆ ಸುಳ್ಳು ಹೇಳಲೇ? ಮೀಸೆ ಮಾಮ ಕಲ್ಲಿನ ಹಿಂದೆ ಮಲಗಿದ್ದಾನೆ ಎಂದು? ನಾಲ್ಕು ದಿನ ಮಲಗುತ್ತಾನೆಯೇ?

ಸತ್ಯ ಹೇಳಿದರೆ ಬರುವುದಿಲ್ಲ. ಇಲ್ಲಿ ಇನ್ನೇನಿದೆ? ನಾನೊಬ್ಬಳು. ನನಗಾಗಿ ಎರಡು ಸಲ ಬರಲಿಲ್ಲವಲ್ಲ.

ಅಕ್ಟೋಬರ್ 15, ಮಂಗಳವಾರ. ಬೆಳಿಗ್ಗೆ 8.05

7.40ಕ್ಕೆ ಅವಳೇ ಫೋನ್ ಮಾಡಿದಳು. ಹೊನ್ನಾವರದ ಬಸ್‌ಸ್ಟ್ಯಾಂಡಿನಿಂದ. "ಅಮ್ಮಾ, ಮೀಸೆ ಮಾಮಗೆ ಊಟ ಹಾಕ್ದ್ಯಾ?"

ಕಟ್ಟಿಟ್ಟುಕೊಂಡ ಸುಳ್ಳು ಬಾಯಿಗೆ ಬರಲಿಲ್ಲ. "ಪುಟ್ಟಾ, ಅವನು ಸತ್ತುಹೋದ. ಹವಳನೂ ಹೋಯ್ತು. ಕರೆಂಟ್ ಆಫ್ ಆಗಿತ್ತು. ನಂದೇ ತಪ್ಪು."

ಆ ಕಡೆ ಬಸ್ಸುಗಳ ಸದ್ದು. ಅದರ ನಡುವೆ ಸಣ್ಣ ದನಿ.

"ಹಂಗಾರೆ ನಾ ಬರೂದು ಬೇಡ್ವಾ?"

"ಯಾಕೆ ಹಂಗಂತೀಯಾ?"

"ಅದನ್ನ ತೋರ್ಸೂಕೆ ಅಲ್ವಾ ನೀ ಕರದದ್ದು? ಫೋನಲ್ಲಿ ಬರೀ ಅದ್ರದ್ದೇ ಹೇಳ್ತಿದ್ದೆ. ನಾ ಎಂತ ಹೇಳಿದ್ರೂ ಅದ್ರದ್ದೇ."

"ಬಾ" ಎಂದೆ. "ನೀನು ಬಾ, ಪುಟ್ಟಾ." ಕೇಳಿಸಿತೋ ಇಲ್ಲವೋ. ಲೈನ್ ಕಟ್ಟಾಗಿತ್ತು. ತಿರುಗಿ ಮಾಡಿದೆ, ಎತ್ತಲಿಲ್ಲ. ಮೂರು ಸಲ.

ಬೆಳಿಗ್ಗೆ 9.30. ಸೊರಬದ ಬಸ್ಸಿನಲ್ಲಿ

ಈಗ ವ್ಯಾಪ್ತಿ ಪ್ರದೇಶದ ಹೊರಗೆ ಎನ್ನುತ್ತಿದೆ. ಘಾಟಿಯಲ್ಲಿ ಸಿಗ್ನಲ್ ಇರುವುದಿಲ್ಲ. ಘಾಟಿಯೇ ಆಗಿರಲಿ.

ಈ ಪುಸ್ತಕ ಹಿಂದಕ್ಕೆ ತಿರುವಿದೆ. ಮೂರು ತಿಂಗಳು. ಎಲ್ಲಿ ನೋಡಿದರೂ ಉಪ್ಪು ಬರೆದಿದ್ದೇನೆ. ಮೀಸೆ ಮಾಮ ಪೊರೆ ಕಳಚಿದ್ದು ಬರೆದಿದ್ದೇನೆ. ಅವಳು ಎಷ್ಟು ಉದ್ದವಾದಳು, ಏನು ತಿನ್ನುತ್ತಾಳೆ, ಗೆಳತಿಯ ಹೆಸರೇನು, ಒಂದೂ ಇಲ್ಲ. ಆಗಸ್ಟ್ 25ರಲ್ಲಿ ಒಂದು ಸಾಲು ಇದೆ. ಯಾರೋ ಪಕ್ಕದಲ್ಲಿ ಕೂರುವುದಿಲ್ಲವಂತೆ. ಅದರ ಮೇಲೆ ಸಿಗಡಿಯ ವಿಡಿಯೋ ಕಳಿಸಿದ್ದೇನೆ.

ಥೂ.

ಮಧ್ಯಾಹ್ನ 12.10. ಸೊರಬ ಬಸ್‌ಸ್ಟ್ಯಾಂಡ್

ಹನ್ನೊಂದೂವರೆಯ ಬಸ್ಸು ಬಂದು ಹೋಯಿತು. ಏಳು ಜನ ಇಳಿದರು. ಅವಳಿಲ್ಲ. ಸಾಗರದ ಕಡೆಯಿಂದ ಇನ್ನೊಂದು ಇದೆಯಂತೆ, ಕಂಟ್ರೋಲರ್ ಹೇಳಿದರು. ಲೇಟಾಗಿದೆ. ಉಂಡೆಯ ಡಬ್ಬ ತೊಡೆಯ ಮೇಲಿದೆ. ತಿನ್ನದಿದ್ದರೆ ಚಕ್ಕುಲಿ ಕೊಡಿಸಬೇಕು.

ಸಾಗರದ ಬಸ್ಸು ಸ್ಟ್ಯಾಂಡಿನೊಳಗೆ ತಿರುಗಿತು. ಧೂಳು. ಬಾಗಿಲಲ್ಲಿ ಜನ ತುಂಬಿದ್ದಾರೆ, ಯಾರೂ ಕಾಣುತ್ತಿಲ್ಲ. ಮರೆತುಹೋಗುವ ಮೊದಲು ಬರೆದುಕೊಳ್ಳುತ್ತೇನೆ. ಕೇಳಬೇಕಾದದ್ದು. ಒಂದು, ಪಕ್ಕದಲ್ಲಿ ಯಾರು ಕೂರುವುದಿಲ್ಲ, ಯಾಕೆ. ಎರಡು,