ನಿಮ್ಮ ಪಾಲಿನ ಚಪ್ಪಾಳೆ

ಹೋಲ್ರಾಯ್ಡ್ ಸರ್,

ಇವತ್ತು ಹಡರ್ಸ್‌ಫೀಲ್ಡ್‌ನಲ್ಲಿ ನಿಮ್ಮ ನೆನಪಿನಲ್ಲಿ ನಮ್ಮ ವಾದ್ಯವೃಂದದ ಕಛೇರಿ ನಡೆಯಿತು. ನಿಮ್ಮ ಪೀಠ ಖಾಲಿ ಬಿಟ್ಟು, ಕೋಲು ಬೀಸಿ ನಡೆಸುವ ನಿರ್ದೇಶಕರಿಲ್ಲದೆಯೇ ನುಡಿಸಿದೆವು. ನೀವು ಕಲಿಸಿದ ಹಾಗೆ ಪಕ್ಕದವರ ಉಸಿರಿಗೆ ಕಿವಿಗೊಟ್ಟಿದ್ದರಿಂದ ಎಲ್ಲೂ ತಾಳ ತಪ್ಪಲಿಲ್ಲ.

ಚಪ್ಪಾಳೆಗೆ ನಾವು ಏಳದೆ ಕೂತರೆ ಅದು ಪೂರ್ತಿ ನಿರ್ದೇಶಕರಿಗೇ ಸಲ್ಲುತ್ತದೆಂಬುದು ನಮ್ಮವರ ಪದ್ಧತಿ. ಗಿರಣಿಯ ಬ್ಯಾಂಡಿನಲ್ಲಿ ಕಾರ್ನೆಟ್ ಊದುತ್ತಾ ಬೆಳೆದು ವಿಯೆನ್ನಾದ ಸಂಗೀತರಸಿಕರನ್ನೂ ಗೆದ್ದ ನೀವು ಅದಕ್ಕೆ ಒಂದು ಸಲವೂ ಒಪ್ಪಲಿಲ್ಲ. "ಏಳ್ರಪ್ಪಾ ಸೋಮಾರಿಗಳಾ, ನನ್ನ ಕೋಲು ಎಲ್ಲಾದ್ರೂ ಸದ್ದು ಮಾಡುತ್ತಾ?" ಎಂದು ಗದರಿ, ಮುಂದಿನ ಸಾಲಿನಲ್ಲಿದ್ದ ನನ್ನನ್ನು ಮೊಣಕೈ ಹಿಡಿದು ಎಬ್ಬಿಸುತ್ತಿದ್ದಿರಿ.

ಇವತ್ತು ಸಭೆಯೆಲ್ಲ ಎದ್ದು ನಿಂತಿತು. "ಏಳೋಣ್ವೇನೇ ಎಡ್ನಾ?" ಎಂದು ಪಕ್ಕದ ಸಿರಿಲ್ ಪಿಸುಗುಟ್ಟಿದ.

"ಕೂತ್ಕೊಳೋ, ಇವತ್ತಾದ್ರೂ ಅವ್ರೇ ತಗೊಳ್ಲಿ" ಎಂದೆ.

ಯಾರೂ ಏಳಲಿಲ್ಲ. ಚಪ್ಪಾಳೆ ನಿಲ್ಲುವವರೆಗೂ ನಾನು ಮೊಣಕೈಯನ್ನು ಸ್ವಲ್ಪ ಹೊರಗೆ ಚಾಚಿಕೊಂಡೇ ಕೂತಿದ್ದೆ.