ಚೀಟಿಯ ಮೂಲೆಯ ಅಕ್ಷರ

ಮಾರ್ಚ್ 4, ಸೋಮವಾರ. ಬೆಳಿಗ್ಗೆ 9.20

ಸ್ಟುಡಿಯೋ ಹಿಂದಿನ ಪಾರ್ಕಿಂಗ್. ಎದೆಹಾಲಿನ ಪಂಪ್ ಗುರ್ ಎನ್ನುತ್ತಿದೆ — ಎಡಗಡೆ ಎರಡು ಔನ್ಸ್, ಬಲಗಡೆ ಅದೂ ಇಲ್ಲ. ನಿದ್ದೆ ಒಟ್ಟು ಮೂರು ಗಂಟೆ, ಅದೂ ತುಂಡು ತುಂಡು. ಹತ್ತಕ್ಕೆ ವಾದ್ಯದವರು ಕೂರುತ್ತಾರೆ. ನ್ಯಾಶ್‌ವಿಲ್‌ನಲ್ಲಿ ಹತ್ತು ಎಂದರೆ ಹತ್ತೇ.

ಇವತ್ತೂ ಏಳನೇ ಹಾಡು. 'ಹೊಗೆಸೊಪ್ಪಿನ ಕೊಟ್ಟಿಗೆ'. ಅಪ್ಪನ ಮೇಲೆ ನಾನೇ ಬರೆದದ್ದು, ಹ್ಯಾಟಿ ಹೊಟ್ಟೆಗೆ ಬರುವ ಮೊದಲು. ಆಲ್ಬಂನ ಹೆಸರೂ ಅದೇ. ಆ ಮೇಲಿನ ಸ್ವರ ಆಗ ನೀರು ಕುಡಿದಷ್ಟು ಸುಲಭ. ಶುಕ್ರವಾರ ಮೂರು ಸಲ ಏರಿದೆ, ಮೂರು ಸಲವೂ ದನಿ ಸೀಳಿತು. ಹೊಟ್ಟೆ ಕೊಯ್ದು ಮಗು ತೆಗೆದು ಐದು ತಿಂಗಳು. ಹೊಲಿಗೆ ಮಾಗಿದೆ. ಉಸಿರು ಮಾತ್ರ ಅಲ್ಲೇ ಎಲ್ಲೋ ಸಿಕ್ಕಿಕೊಂಡಿದೆ.

"ಅಲರ್ಜಿನಾ ಡೆಲ್ಲಾ?" ಎಂದಿದ್ದ ಗ್ರೇಡಿ ಅವತ್ತು, ಗಾಜಿನ ಆಚೆಯಿಂದ. ಆಲ್ಬಂ ಮಾಡಿಸುತ್ತಿರುವವನು ಅವನೇ.

"ಹೂಂ. ಮರದ ಹೂವಿನ ಪುಡಿ."

ಟೆನೆಸ್ಸಿಯಲ್ಲಿ ವಸಂತ ಬಂತೆಂದರೆ ಇದಕ್ಕಿಂತ ನಂಬುವಂಥ ಸುಳ್ಳಿಲ್ಲ.

ಮೊದಲ ಆಲ್ಬಂ ಓಡಿದ್ದೇ ಆ ಎತ್ತರದ ದನಿಯಿಂದ. ಎರಡನೆಯದು ಬಿದ್ದರೆ ಮೂರನೆಯದಕ್ಕೆ ಯಾರೂ ಫೋನ್ ಮಾಡುವುದಿಲ್ಲ. ತಿಂಗಳ ಕೊನೆಗೆ ಹನ್ನೊಂದು ಹಾಡೂ ರೆಕಾರ್ಡ್ ಕಂಪನಿಯ ಕೈಯಲ್ಲಿರಬೇಕು. ಹತ್ತು ಹೇಗೋ ದಾಟಿವೆ. ಇದೊಂದು...

ಮಾರ್ಚ್ 6, ಬುಧವಾರ. ಮಧ್ಯಾಹ್ನ

ಹ್ಯಾಟಿ ಮಲಗಿದ್ದಾಳೆ. ನಾನೂ ಮಲಗಬೇಕು. ಮಲಗಿದರೆ ಕಿವಿಯೊಳಗೆ ಆ ಸ್ವರ.

ಬಿರುಗಾಳಿಗೆ ಕರೆಂಟ್ ಕಂಬಗಳು ಬಿದ್ದು ನನ್ನ ಗಂಡ ಕರ್ಟಿಸ್ ಮೆಂಫಿಸ್ ಕಡೆ ಲೈನ್ ಎಳೆಯಲು ಹೋಗಿದ್ದಾನೆ. ಮಗು ನೋಡಿಕೊಳ್ಳಲು ಅವನ ಅಮ್ಮ, ವರ್ಲೀನ್. ಬಟ್ಟೆ ಮಡಿಸುತ್ತಾ ಶುರು ಮಾಡಿದರು:

"ನಾನು ಮೂರು ಹೆತ್ತೆ. ಹೆತ್ತ ಮಾರನೇ ಭಾನುವಾರ ಚರ್ಚಲ್ಲಿ ಹಾಡಿದೀನಿ. ಪಂಪೂ ಇರಲಿಲ್ಲ, ಪಾರ್ಕಿಂಗೂ ಇರಲಿಲ್ಲ."

"ನಿಮ್ಮ ಕಾಲವೇ ಬೇರೆ ಬಿಡಿ ಅತ್ತೆ."

"ಕಾಲ ಅದೇ ಕಣೆ. ಗೋಳು ಹೊಸದು."

ಹಲ್ಲು ಕಚ್ಚಿಕೊಂಡು ಸಾಕ್ಸ್ ಜೋಡಿಸಿದೆ. ಒಂದಕ್ಕೂ ಜೋಡಿ ಇಲ್ಲ.

ಮಾರ್ಚ್ 7, ಗುರುವಾರ. ಸಂಜೆ 5.15, ಕಾರಿನಲ್ಲಿ

ನಮ್ಮಲ್ಲಿ ವಾದ್ಯದವರ ಮುಂದಿಡುವ ಹಾಡಿನ ಚೀಟಿಯಲ್ಲಿ ಸ್ವರ ಬರೆಯುವುದಿಲ್ಲ, ಬರೀ ಅಂಕೆ, ಶ್ರುತಿಯಿಂದ ಎಣಿಸಿದ್ದು. ಒಂದು, ನಾಲ್ಕು, ಐದು, ಮತ್ತೆ ಒಂದು. ಶ್ರುತಿ ಮಾತ್ರ ಮೇಲಿನ ಮೂಲೆಯಲ್ಲಿ ಒಂದಕ್ಷರ. ಅದನ್ನು ಹೊಡೆದು ಬೇರೆ ಬರೆದರೆ ಮುಗಿಯಿತು, ಅಂಕೆ ಒಂದೂ ಅಲುಗುವುದಿಲ್ಲ. ಎರಡು ಕ್ಷಣದ ಕೆಲಸ. ಶ್ರುತಿ ಇಳಿಸಿ ಎಂದು ಕೇಳಲು ಎರಡು ತಿಂಗಳಿಂದ ನನಗೆ ಬಾಯಿ ಬಂದಿಲ್ಲ. ಜನವರಿಯಲ್ಲಿ ಗ್ರೇಡಿ ಶ್ರುತಿ ಕೇಳಿದಾಗ "ಯಾವಾಗಿನದೇ" ಎಂದುಬಿಟ್ಟಿದ್ದೆ, ಒಮ್ಮೆಯೂ ಹಾಡಿ ನೋಡದೆ. ಜಂಬ.

ಇವತ್ತು ಐದನೇ ಸಲ ಸೀಳಿದಾಗ ಸ್ಟೀಲ್ ಗಿಟಾರಿನ ಮುದುಕ ಆರ್ವಿಲ್ ಕೈ ಎತ್ತಿದರು.

"ಗ್ರೇಡಿ, ನನ್ನ ಮಣಿಕಟ್ಟು ಮಾತು ಕೇಳ್ತಿಲ್ಲ ಕಣಯ್ಯಾ. ಶ್ರುತಿ ಮೂರು ಮೆಟ್ಟಿಲು ಇಳಿಸಿದ್ರೆ ಉಪಕಾರ."

"ಬೆಳಿಗ್ಗೆ ತಿಂಡಿಗೆ ಗ್ರೇವಿ ಸುರಿದ ಮೂರು ಬಿಸ್ಕತ್ತು ಬಾಯಿಗೆ ಎತ್ತುವಾಗ ಮಣಿಕಟ್ಟು ಚೆನ್ನಾಗೇ ಇತ್ತಲ್ಲ?"

"ಬಿಸ್ಕತ್ತಿಗೆ ಶ್ರುತಿ ಇರಲ್ಲ."

ಎಲ್ಲರೂ ನಕ್ಕರು. ಪೆನ್ಸಿಲ್‌ಗಳ ಸದ್ದು. ಐದು ಜನ, ಐದು ಮೂಲೆ. ನನ್ನ ಕಡೆ ಒಬ್ಬರೂ ನೋಡಲಿಲ್ಲ.

ಹಾಡಿದೆ. ಒಂದೇ ಸಲಕ್ಕೆ. ದನಿ ಬೇರೆ ಕಡೆಯಿಂದ ಬಂತು, ಹೊಲಿಗೆಗಿಂತ ಕೆಳಗಿನಿಂದ, ಸ್ವಲ್ಪ ಒರಟು... ಅಪ್ಪ ಅಲ್ಲೇ ಇದ್ದ, ಕೈಗೆ ಹೊಗೆಸೊಪ್ಪಿನ ಅಂಟು ಮೆತ್ತಿಕೊಂಡು.

ಗ್ರೇಡಿ ಹೆಡ್‌ಫೋನ್ ತೆಗೆದಿಟ್ಟ. "ಚೆನ್ನಾಗಿದೆ," ಎಂದ. ಆಮೇಲೆ, "ನೋಡೋಣ."

ಈ ಊರಿನಲ್ಲಿ 'ನೋಡೋಣ'ಕ್ಕೆ ಒಂದೇ ಅರ್ಥ.

ಮಾರ್ಚ್ 19, ಮಂಗಳವಾರ

ಹ್ಯಾಟಿಗೆ ಕಿವಿನೋವು. ಹನ್ನೆರಡು ದಿನ ಎಲ್ಲಿ ಹೋದವೋ.

ಬೆಳಿಗ್ಗೆ ಗ್ರೇಡಿ ಏಳನೇ ಹಾಡು ಕಳಿಸಿದ. ಅಡುಗೆಮನೆಯಲ್ಲಿ ಹಾಕಿದೆ. ಹಳೆಯ ಶ್ರುತಿ. ಆ ಮೇಲಿನ ಸ್ವರ, ನುಣ್ಣಗೆ, ಒಂದು ಗೀರೂ ಇಲ್ಲದೆ. ನಾನು ಕೆಳಗೆ ಹಾಡಿದ್ದನ್ನು ಯಂತ್ರದಲ್ಲಿ ಎತ್ತಿ ಕೂರಿಸಿದ್ದಾನೆ. ನನ್ನನ್ನು ಕೇಳದೆ.

ವರ್ಲೀನ್ ಬೀನ್ಸ್ ಮುರಿಯುತ್ತಿದ್ದರು. "ಯಾರೇ ಈ ಹುಡುಗಿ? ಪರವಾಗಿಲ್ಲ, ಹಾಡ್ತಾಳೆ."

ಹೊರಗೆ ಹೋಗಿ ಕಸದ ಡಬ್ಬಿಗೆ ಒದ್ದೆ. ಕಾಲು ಊದಿದೆ.

ಮಾರ್ಚ್ 20

ಫೋನ್ ಮಾಡಿದೆ.

"ರೇಡಿಯೋದವರಿಗೆ ಮೊದಲಿನ ಡೆಲ್ಲಾ ಬೇಕು ಕಣೆ," ಎಂದ ಗ್ರೇಡಿ.

"ಸ್ಟೇಜ್ ಮೇಲೆ ಅವಳನ್ನ ಎಲ್ಲಿಂದ ತರ್ಲಿ?"

"ಆಮೇಲೆ ನೋಡ್ಕೊಳ್ಳೋಣ. ಅಲರ್ಜಿ ವಾಸಿ ಆದ್ಮೇಲೆ..."

"ಅಲರ್ಜಿ ಅಲ್ಲ ಗ್ರೇಡಿ."

"ಗೊತ್ತು."

"ಏನು ಗೊತ್ತು?"

"ಎಲ್ರಿಗೂ ಗೊತ್ತು ಡೆಲ್ಲಾ. ಮೊದಲ ದಿನದಿಂದ."

ಎಲ್ಲರಿಗೂ! ನಾನೊಬ್ಬಳೇ ಮೂಗು ಒರೆಸಿಕೊಂಡು ನಾಟಕ ಆಡಿದ್ದು. ಆರ್ವಿಲ್‌ರ ಆ ಮಣಿಕಟ್ಟು...

ಯಂತ್ರದ್ದು ಬೇಡ ಎಂದೆ. ನನ್ನದೇ ದನಿ, ಕೆಳಗಿನ ಶ್ರುತಿ, ಇಲ್ಲವೆಂದರೆ ಹಾಡೇ ಬೇಡ.

"ಹಾಗಾದ್ರೆ ಶುಕ್ರವಾರ ಎರಡಕ್ಕೆ ಬಾ. ಕಂಪನಿಯವರ ಮುಂದೆ ನೀನೇ ಹಾಡು. ಅವರು ಒಪ್ಪದೆ ಆಲ್ಬಂ ನಿಂತ್ರೆ ನನ್ನ ಮೇಲೆ ಅಳಬೇಡ."

ಮಾರ್ಚ್ 22, ಶುಕ್ರವಾರ. ಮಧ್ಯಾಹ್ನ 1.40

ಅದೇ ಪಾರ್ಕಿಂಗ್. ಹಿಂದಿನ ಸೀಟಿನಲ್ಲಿ ಹ್ಯಾಟಿ, ಪಕ್ಕದಲ್ಲಿ ಅತ್ತೆ. "ನೀನು ಒಳಗೆ ಜಗಳ ಆಡ್ತಿದ್ರೆ ಇವಳನ್ನ ಯಾರು ನೋಡ್ತಾರೆ?" ಎಂದು ತಾವಾಗಿಯೇ ಹೊರಟರು.

ತೊಡೆಯ ಮೇಲೆ ಹೊಸ ಚೀಟಿ. ಮೂಲೆಯಲ್ಲಿ ಹಳೆಯ ಅಕ್ಷರವನ್ನೇ ಅಚ್ಚು ಹಾಕಿದ್ದಾನೆ ಗ್ರೇಡಿ. ಪೆನ್ನು ಕೈಯಲ್ಲಿದೆ. ಇನ್ನೂ ಹೊಡೆದಿಲ್ಲ. ಆಲ್ಬಂ ನಿಂತರೆ? ಯಂತ್ರ ಎತ್ತಿದ ದನಿಯವಳಾದರೆ ಹೇಗೂ ಓಡುತ್ತಾಳೆ, ಇಲ್ಲದಿದ್ದರೆ ಕರ್ಟಿಸ್ ಇನ್ನೆಷ್ಟು ಕಂಬ ಹತ್ತಬೇಕು... ಯಾರ ಜೊತೆಗಾದರೂ ಮಾತಾಡಬೇಕಿತ್ತು.

"ಅತ್ತೆ, ಹೆತ್ತ ಮಾರನೇ ಭಾನುವಾರವೇ ಹಾಡಿದ್ರಲ್ಲ. ದನಿಗೆ ಏನೂ ಆಗಲಿಲ್ವಾ?"

ಕಿಟಕಿಯ ಆಚೆ ನೋಡಿದರು. "ಹಾಡಿದೆ ಅಂದೆ. ಎಲ್ಲಿ ನಿಂತು ಅಂತ ನೀನು ಕೇಳಲಿಲ್ಲ."

"ಎಲ್ಲಿ?"

"ಹಿಂದಿನ ಸಾಲು. ತಗ್ಗಿನ ದನಿಯವರ ಜೊತೆ. ಗಂಟಲು ಕಟ್ಟಿದೆ, ವಾರದಲ್ಲಿ ಮುಂದಿನ ಸಾಲಿಗೆ ಬರ್ತೀನಿ ಅಂದಿದ್ದೆ." ಹ್ಯಾಟಿಯ ಟೋಪಿ ಸರಿಮಾಡಿದರು. "ಕರ್ಟಿಸ್ ಹುಟ್ಟಿದ ವಾರ ಅದು, ಅವನಿಗೀಗ ಮೂವತ್ತೊಂದು. ಚರ್ಚಿನೋರು ಇನ್ನೂ ಕೇಳ್ತಾರೆ, ಗಂಟಲು ಹೇಗಿದೆ ಅಂತ."

ನಗಲಿಲ್ಲ. ನಾನೂ ನಗಲಿಲ್ಲ.

ಹೊಡೆದೆ. ಬೇರೆ ಅಕ್ಷರ ಬರೆದೆ. ಪೆನ್ನಲ್ಲಿ, ಪೆನ್ಸಿಲಲ್ಲಿ ಅಲ್ಲ.

ಗ್ರೇಡಿ ಬಾಗಿಲಲ್ಲಿ ನಿಂತು ಗಡಿಯಾರ ತೋರಿಸುತ್ತಿದ್ದಾನೆ, ಹಿಂದೆ ಕಂಪನಿಯವರಿಬ್ಬರು. ಹ್ಯಾಟಿ ಎದ್ದಳು. ಅತ್ತೆಗೆ ಹೇಳಿದೆ — ಅವಳನ್ನೂ ಎತ್ತಿಕೊಂಡು ಒಳಗೆ ಬನ್ನಿ. ಹಿಂದೆ ಎಲ್ಲೋ ನಿಲ್ಲಬೇಡಿ, ಗಾಜಿನ ಎದುರಿಗೇ ನಿಲ್ಲಿ.