ಪರ್ಲೈಟ್ ಸಂಯುಕ್ತವಲ್ಲ ಕಣೇ

ಮಾರ್ಚ್ ೯, ಭಾನುವಾರ

ನನ್ನ ತರಲೆ ರಾಣಿಗೆ ಅಮ್ಮನ ಮುದ್ದು.

ನಿನ್ನ ಕಾಗದಕ್ಕೆ ಉತ್ತರ ತಡವಾಯಿತು, ಮುಖ ಊದಿಸಿಕೊಳ್ಳಬೇಡ. ಲ್ಯಾಬಿನಲ್ಲಿ ತಲೆ ತುರಿಸಿಕೊಳ್ಳಲೂ ಪುರುಸೊತ್ತಿರಲಿಲ್ಲ. ಅಪ್ಪ ಚೆನ್ನಾಗಿದ್ದಾರಾ? ಚಿಕ್ಕಮ್ಮನ ಕೆಮ್ಮು ಕಡಿಮೆಯಾಯಿತಾ? ಅವರಿಬ್ಬರ ಆ ಮನೆಗೆ ನೀನು ಹೊಂದಿಕೊಂಡಿದ್ದೀಯ ಅಂತ ಓದಿ ಸಮಾಧಾನವಾಯಿತು.

ಅಲ್ಲವೇ, ಕಾಲೇಜಿನ ಪರೀಕ್ಷೆಯಲ್ಲಿ ‘ಸಿಮೆಂಟೈಟ್, ಪರ್ಲೈಟ್ ಎರಡೂ ಕಬ್ಬಿಣದ ಸಂಯುಕ್ತಗಳು’ ಅಂತ ಬರೆದು ಸೊನ್ನೆ ತಂದೆಯಾ? ಉಕ್ಕಿನ ಕಾರ್ಖಾನೆಯ ಲ್ಯಾಬಿನವಳ ಮಗಳು! ನನ್ನ ಮಾನ ಹೋಯಿತು. ಕೇಳು. ಸಿಮೆಂಟೈಟ್ ಸಂಯುಕ್ತ, ನಿಜ. ಕಬ್ಬಿಣದ ಮೂರು ಪರಮಾಣುವಿಗೆ ಇಂಗಾಲದ್ದು ಒಂದು. ಆ ಲೆಕ್ಕ ಎಲ್ಲಿಯೂ ತಪ್ಪುವುದಿಲ್ಲ. ಪರ್ಲೈಟ್ ಹಾಗಲ್ಲ, ಅದೊಂದು ರಚನೆ. ಹೆಚ್ಚುಕಡಿಮೆ ಶುದ್ಧ ಕಬ್ಬಿಣದ ತೆಳುಪದರ, ಪಕ್ಕದಲ್ಲಿ ಸಿಮೆಂಟೈಟಿನ ಪದರ, ಮತ್ತೆ ಕಬ್ಬಿಣ, ಮತ್ತೆ ಸಿಮೆಂಟೈಟ್. ಉಕ್ಕಿನ ತುಂಡನ್ನು ಚೆನ್ನಾಗಿ ಉಜ್ಜಿ ಹೊಳೆಯಿಸಿ, ಸ್ವಲ್ಪ ಆಸಿಡ್ ಸವರಿ ಸೂಕ್ಷ್ಮದರ್ಶಕದಡಿ ಇಟ್ಟರೆ ಗೆರೆಗೆರೆಯಾಗಿ ಕಾಣುತ್ತದೆ. ಅದೇ ಉಕ್ಕನ್ನು ಕೆಂಪಗೆ ಕಾಯಿಸಿ ತಟ್ಟನೆ ನೀರಿಗೆ ಹಾಕು, ಗೆರೆ ಮಾಯ, ಬರೀ ಸೂಜಿಗಳು! ಅದು ಮಾರ್ಟೆನ್ಸೈಟ್, ಅದೂ ರಚನೆಯೇ. ಏನೇನು ಎಷ್ಟೆಷ್ಟು ಪಾಲು ಕೂಡಿದೆ ಅನ್ನುವುದು ಸಂಯುಕ್ತದ ಮಾತು. ಹೇಗೆ ಜೋಡಿಸಿಕೊಂಡಿದೆ ಅನ್ನುವುದು ರಚನೆಯ ಮಾತು.

ರಜೆಗೆ ಬಂದರೆ ಕಣ್ಣಾರೆ ತೋರಿಸುತ್ತೇನೆ. ಸಾಹೇಬರನ್ನು ಕೇಳಿಯೂ ಇಟ್ಟಿದ್ದೇನೆ. "ಧಾರಾಳವಾಗಿ ಕರ್ಕೊಂಡ್ ಬನ್ನಿ ಮೇಡಂ, ನೀವು ಆ ತುಂಡುಗಳ ಜೊತೆ ಮಾತಾಡೋದಾದ್ರೂ ತಪ್ಪುತ್ತೆ" ಅಂದರು. ನಗು ಬಂತು. ಆದರೆ ಅವರು ಹೇಳಿದ್ದು ಸುಳ್ಳೇನಲ್ಲ. ಶುಕ್ರವಾರ ಸಂಜೆ ಬೀಗ ಹಾಕಿ ಬಂದವಳು ಸೋಮವಾರ ಗೇಟಿನ ಕಾವಲುಗಾರನಿಗೆ ನಮಸ್ಕಾರ ಹೇಳಹೋದರೆ ಗಂಟಲಿನಿಂದ ಸ್ವರವೇ ಹೊರಡಲಿಲ್ಲ. ನಡುವೆ ಯಾರೊಡನೆಯೂ ಒಂದು ಮಾತಾಡಿರಲಿಲ್ಲ, ನೋಡು. ಬರುತ್ತೀಯೋ ಇಲ್ಲವೋ, ಅದೊಂದನ್ನು ಮಾತ್ರ ನೀನು ಬರೆದೇ ಇಲ್ಲ.

ಹೊತ್ತಿಗೆ ಸರಿಯಾಗಿ ಉಣ್ಣು. ಎಲ್ಲಿದ್ದರೂ ನಗುನಗುತ್ತಾ ಇರು ಕಂದಾ.

ನಿನ್ನ
ಅಮ್ಮ

ತಾ.ಕ.: ತಡವಾದದ್ದು ಕೆಲಸದಿಂದಲ್ಲ. ಹೋದ ತಿಂಗಳು ಫೋನಿನಲ್ಲಿ "ರಜೆಗೆ ಬರ್ತೀಯೇನೇ?" ಅಂದೆನಲ್ಲ, ನೀನು "ಬಂದೆ ಅಮ್ಮಾ!" ಅಂದೆ. ನಾನು "ಬಾ ಕಂದಾ, ಬಾ" ಅಂತ ಕೂಗಿಯೇಬಿಟ್ಟೆ. ಆಗ ಒಳಗಿನಿಂದ ಚಿಕ್ಕಮ್ಮ ಮತ್ತೆ ಕರೆದದ್ದು ಕೇಳಿಸಿತು: "ಊಟ ಆರ್ತಿದೆ, ಬಾರೇ." ನಾನೇ ಫೋನಿಟ್ಟೆ. ಅವರನ್ನು ಅಮ್ಮ ಅಂದದ್ದಕ್ಕೆ ನನಗೇನೂ ಬೇಸರವಿಲ್ಲ ಅಂತ ಬರೆಯಲು ಇಷ್ಟು ದಿನ ಕೂತೆ. ಆಗಲಿಲ್ಲ. ಬೇಸರವಾಗಿದೆ, ತುಂಬಾ. ನೀನು ಹಾಗೆಯೇ ಕರಿ. ಆದರೆ ರಜೆಗೆ ಬಾ.